ಕಿಟಕಿಯ ಅಳತೆ

ಜನವರಿ 12

ಕರ್ತನಲ್ಲಿ ಪ್ರಿಯರಾದ ಟೀಚರಮ್ಮನವರಿಗೆ,

ನಿಮ್ಮ ಯಾಕಪ್ಪನ ನಮಸ್ಕಾರಗಳು. ಈ ಹೆಸರಿನಿಂದ ನನ್ನನ್ನು ಕರೆಯುವವರು ಈಗ ನೀವೊಬ್ಬರೇ. ಇಲ್ಲಿ ಎಲ್ಲರೂ ‘ಅಯ್ಯನವರೇ’ ಎನ್ನುತ್ತಾರೆ. ನೋಹನ ನಾವೆಗೆ ಯಾಕೆ ಒಂದೇ ಬಾಗಿಲು, ಯೋನನನ್ನು ಆ ಮೀನು ಯಾಕೆ ಅಗಿಯಲಿಲ್ಲ ಎಂದು ಕೇಳಿ ಕೇಳಿ ಭಾನುವಾರದ ಶಾಲೆಯಲ್ಲಿ ನಿಮ್ಮ ತಲೆ ತಿಂದವನು ನಾನೇ ಎಂದರೆ ನಮ್ಮ ಸಭೆಯವರು ನಂಬುವುದಿಲ್ಲ.

ನಮ್ಮ ಮಕ್ಕಳ ಮನೆ ತೆರೆದು ಈ ಮೇ ತಿಂಗಳಿಗೆ ಹತ್ತು ವರ್ಷವಾಗುತ್ತದೆ. ತಂದೆ ಇಲ್ಲದವರು, ತಾಯಿ ಇಲ್ಲದವರು, ಇಬ್ಬರೂ ಇದ್ದು ಬೇಡವಾದವರು, ಎಲ್ಲ ಸೇರಿ ಮೂವತ್ತಕ್ಕೂ ಹೆಚ್ಚು ಮಕ್ಕಳಿದ್ದಾರೆ. ಆ ತಿಂಗಳ ಎರಡನೆಯ ಭಾನುವಾರ ಕೃತಜ್ಞತಾ ಆರಾಧನೆ ಇಟ್ಟುಕೊಂಡಿದ್ದೇವೆ. ನನ್ನ ವಿಶ್ವಾಸಕ್ಕೆ ರೂಪ ಕೊಟ್ಟವರನ್ನು ಸಭೆಯ ಮುಂದೆ ನೆನೆಯಬೇಕೆಂಬುದು ನನ್ನ ಬಹುದಿನದ ಆಸೆ. ಅಮ್ಮ ಈಗ ಇಲ್ಲ. ಅಪ್ಪ ನನ್ನ ಐದನೆಯ ವರ್ಷದಲ್ಲೇ ಸುರಂಗದ ಕೆಲಸಕ್ಕೆ ಹೋಗಿ, ಮಣ್ಣು ಕುಸಿದು, ನಮಗಾಗಿ ದುಡಿಯುತ್ತಲೇ ಪ್ರಾಣ ಬಿಟ್ಟ. ಇಲ್ಲಿನ ಊಟದ ಮನೆಗೆ ಅವನ ಹೆಸರನ್ನೇ ಇಟ್ಟಿದ್ದೇನೆ. ಉಳಿದವರು ನೀವು.

ಟೀಚರಮ್ಮ, ದೇವಾಲಯದ ಅಂಗಿ ಕೋಣೆಯ ಆ ಮಧ್ಯಾಹ್ನವನ್ನು ನಾನು ಮರೆತಿಲ್ಲ. ಎಲ್ಲಿ ನನ್ನ ವಿಶ್ವಾಸದ ಸಾಕ್ಷಿ ಹೇಳಲು ನಿಂತರೂ ಅಲ್ಲಿಂದಲೇ ಶುರು ಮಾಡುತ್ತೇನೆ. ಕೇಳಿದವರು ಕಣ್ಣೊರೆಸಿಕೊಳ್ಳುತ್ತಾರೆ. ಅದರ ನೆನಪಿಗಾಗಿ ಮಕ್ಕಳ ಮನೆಯಲ್ಲಿ ಒಂದು ಕೋಣೆ ಕಟ್ಟಿಸಿ, ಬಾಗಿಲ ಮೇಲೆ ‘ಟೀಚರಮ್ಮನ ಕೋಣೆ’ ಎಂದು ಹಿತ್ತಾಳೆಯ ಅಕ್ಷರಗಳಲ್ಲಿ ಬರೆಸಿದ್ದೇನೆ. ನೀವು ಬಂದು ಮುಂದಿನ ಸಾಲಿನಲ್ಲಿ ಕೂರಬೇಕು, ನಾನು ನಿಮಗೆ ಶಾಲು ಹೊದಿಸಬೇಕು. ಇಲ್ಲ ಎನ್ನಬೇಡಿ.

ನಿಮ್ಮ ಪ್ರಾರ್ಥನೆಯ ಮಗ,
ಯಾಕಪ್ಪ


ಜನವರಿ 25

ಪ್ರೀತಿಯ ಯಾಕಪ್ಪ,

ನಿನ್ನ ಪತ್ರ ಬಂತು. ತಂಗಿಯ ಮಗಳು ಔಷಧದ ಅಂಗಡಿಯ ಕೆಲಸ ಮುಗಿಸಿ ಬಂದವಳು ಆ ದಪ್ಪ ಲಕೋಟೆ ನೋಡಿ, “ದೊಡ್ಡಮ್ಮಾ, ಮದುವೆ ಕಾಗದದ ಹಾಗಿದೆ. ಯಾರೋ ನಿನ್ನ ಕೇಳ್ತಿದಾರೆ ನೋಡು” ಎಂದು ರೇಗಿಸಿದಳು. “ಕೇಳೋವ್ರು ಬಂದ್ರೆ ಮೊದಲು ಮೊಣಕಾಲಿಗೆ ಎಣ್ಣೆ ತಿಕ್ಕೋಕೆ ಬರತ್ತಾ ಕೇಳು” ಎಂದೆ. ನಾವಿಬ್ಬರೂ ಈಗ ಸೈಕಲ್ ರಿಪೇರಿ ಅಂಗಡಿಯ ಮೇಲಿನ ಮನೆಯಲ್ಲಿದ್ದೇವೆ. ಬೆಳಗಿನಿಂದ ಸಂಜೆಯವರೆಗೂ ಕೆಳಗೆ ಗಾಳಿ ಹೊಡೆಯುವ ಸದ್ದು. ಈ ಮನೆಯಲ್ಲಿ ಉಸಿರಿಗೇನೂ ಬರವಿಲ್ಲ.

ಮುಂದಿನ ಸಾಲಿನಲ್ಲಿ ಕೂತು ಅಭ್ಯಾಸವಿಲ್ಲ ಕಣೋ. ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಹರಿದ ಹೊದಿಕೆಗೆ ತೇಪೆ ಹಾಕುತ್ತ ಆಯುಷ್ಯ ಕಳೆದವಳು ನಾನು. ಪಕ್ಕದ ಒಗೆಯುವ ಮನೆಯಲ್ಲಿ ನಿಮ್ಮಮ್ಮ. ಅವಳು ಒಗೆದದ್ದನ್ನು ನಾನು ಹೊಲಿಯುತ್ತಿದ್ದೆ, ಇಬ್ಬರಿಗೂ ಶಾಲು ಹೊದಿಸಿದವರಿಲ್ಲ. ಇದ್ದಿದ್ದರೆ ಅದಕ್ಕೂ ತೇಪೆ ಹಾಕುತ್ತಿದ್ದೆವೋ ಏನೋ.

ಆದರೆ ನಿಜ ಹೇಳುತ್ತೇನೆ, ನನ್ನ ಹೆಸರಿನ ಕೋಣೆ ಎಂದು ಓದಿ ಹಿಗ್ಗಿ ಹೀರೇಕಾಯಿಯಾದೆ. ಮಕ್ಕಳು ಚಿತ್ರ ಬಿಡಿಸುವ ಕೋಣೆಯೋ, ಕತೆ ಪುಸ್ತಕದ ಕೋಣೆಯೋ, ನೀನು ಹೇಳಲೇ ಇಲ್ಲ. ಯಾವುದಾದರೂ ಸರಿ, ಪರದೆ ನನ್ನದು. ಹಳದಿ ಬಟ್ಟೆ ತಂದಿಟ್ಟಿದ್ದೇನೆ. ಅಂಚಿಗೆ ಗುಬ್ಬಚ್ಚಿ ಹೊಲಿಯುವಷ್ಟು ಕಣ್ಣು ಇನ್ನೂ ಇದೆ. ಕಿಟಕಿಯ ಅಗಲ ಎಷ್ಟು, ಎತ್ತರ ಎಷ್ಟು, ಅಳತೆ ಬರೆದು ಕಳಿಸು.

ಇನ್ನೊಂದು ಮಾತು. ಅಂಗಿ ಕೋಣೆಯ ಆ ದಿನದ ಸುದ್ದಿಯನ್ನು ಆರಾಧನೆಯ ಪ್ರಸಂಗದಲ್ಲಿ ತರಬೇಡ. ಹೇಳಲು ಬೇರೆ ಬೇಕಾದಷ್ಟಿದೆ. ಕ್ರಿಸ್ತನ ಹುಟ್ಟಿನ ನಾಟಕದಲ್ಲಿ ನೀನು ಕತ್ತೆಯಾಗಿ ನಿದ್ದೆ ಹೋದದ್ದನ್ನು ಹೇಳು, ಜನ ನಗಲಿ.

ಟೀಚರಮ್ಮ


ಫೆಬ್ರವರಿ 9

ಪ್ರಿಯ ಟೀಚರಮ್ಮನವರಿಗೆ,

ಪರದೆಯ ವಿಷಯ ಓದಿ ಕಣ್ಣು ತುಂಬಿತು. ಆದರೆ ನಿಮ್ಮ ಕೋಣೆಗೆ ಕಿಟಕಿ ಇಲ್ಲ. ಬೇಕೆಂತಲೇ ಇಡಿಸಿಲ್ಲ. ಆ ಅಂಗಿ ಕೋಣೆಗೂ ಇರಲಿಲ್ಲವಲ್ಲ! ಆಗಿನ ಅಯ್ಯನವರ ನಿಲುವಂಗಿಗಳನ್ನು ತೂಗುಹಾಕುತ್ತಿದ್ದ, ನುಸಿಗುಳಿಗೆಯ ವಾಸನೆಯ, ಬಾಗಿಲ ಕೆಳಗೆ ಬೆರಳಗಲ ಬೆಳಕು ಬಿಟ್ಟರೆ ಮತ್ತೇನೂ ಕಾಣದ ಆ ಕೋಣೆಯನ್ನೇ ಇಲ್ಲಿ ಮತ್ತೆ ಕಟ್ಟಿಸಿದ್ದೇನೆ. ಬೀಗ ಹೊರಗಿನಿಂದಲೇ.

ನನ್ನ ಸಾಕ್ಷಿಯನ್ನು ನೀವು ಒಮ್ಮೆಯೂ ಕೇಳಿಲ್ಲವಲ್ಲ, ಹೇಳುತ್ತೇನೆ. ನನಗಾಗ ಎಂಟು ವರ್ಷ. ಪಾಠ ಮುಗಿದಿತ್ತು. ಬಡಗಿಯ ಮಗಳಿಗೆ ಬಹುಮಾನ ಬಂದಿದ್ದ ಚಿತ್ರದ ಕಾರ್ಡನ್ನು, ಅದೇ ಕಳೆದುಹೋದ ಕುರಿಯ ಚಿತ್ರವನ್ನು, ನಾನು ಕದ್ದು ಕಾಲುಚೀಲದಲ್ಲಿ ಇಟ್ಟುಕೊಂಡಿದ್ದೆ. ಯಾರೂ ನೋಡಿಲ್ಲ ಎಂದುಕೊಂಡೆ. ಆದರೆ ನಿಮ್ಮ ಕಣ್ಣಿಗೆ ಬಿತ್ತು. ನೀವು ಬಂದು ರಟ್ಟೆ ಹಿಡಿದು ಎಳೆದುಕೊಂಡು ಹೋಗಿ ಆ ಕೋಣೆಗೆ ತಳ್ಳಿದಿರಿ. “ಬಾಯಿ ಮುಚ್ಚಿಕೊಂಡು ಕೂತ್ಕೋ. ಪ್ರಾರ್ಥನೆ ಮಾಡು. ನಾನು ಕರೆಯೋ ತನಕ ಉಸಿರೆತ್ತಬೇಡ” ಎಂದು ಬೀಗ ಹಾಕಿದಿರಿ. ನಾನು ಅತ್ತೆ, ಹೆದರಿದೆ, ಚಡ್ಡಿ ಒದ್ದೆ ಮಾಡಿಕೊಂಡೆ. ಕೊನೆಗೆ ಕಾರ್ಡನ್ನು ನೆಲದ ಮೇಲಿಟ್ಟು ತಪ್ಪೊಪ್ಪಿಕೊಂಡೆ. ಆಗ ಆ ಕತ್ತಲಲ್ಲಿ ಯಾರೋ ನನ್ನ ಪಕ್ಕ ಬಂದು ಕೂತರು. ಮುಟ್ಟಲಿಲ್ಲ, ಮಾತಾಡಲಿಲ್ಲ, ಬರೀ ಕೂತರು. ನನ್ನ ಭಯ ಹೋಯಿತು. ಆ ದಿನದಿಂದ ನಾನು ಅವರ ಮಗ.

ನೀವು ಬಾಗಿಲು ತೆಗೆದಾಗ ನಿಮ್ಮ ಮುಖ ಅತ್ತು ಅತ್ತು ಊದಿತ್ತು, ತುಟಿಯೂ ಬಾತಿತ್ತು. ನನ್ನ ಪಾಪಕ್ಕಾಗಿ ಒಬ್ಬರು ಹೊರಗೆ ನಿಂತು ಅಷ್ಟು ಅತ್ತಿದ್ದರು!

ಅದನ್ನೇ ಈ ಮಕ್ಕಳಿಗೂ ಕೊಡುತ್ತಿದ್ದೇನೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ಕದ್ದರೆ, ಸುಳ್ಳು ಹೇಳಿದರೆ, ಮಧ್ಯಾಹ್ನದ ಊಟದ ನಂತರ ಸಂಜೆಯ ಗಂಟೆಯ ತನಕ ಟೀಚರಮ್ಮನ ಕೋಣೆ. ಹೊಡೆತವಿಲ್ಲ, ಬೈಗುಳವಿಲ್ಲ. ಈಗ ಏಳು ವರ್ಷದ ಒಬ್ಬ ಹುಡುಗಿ ಇದ್ದಾಳೆ. ಬಾಯಿಗೆ ಬಿಡುವಿಲ್ಲದ್ದಕ್ಕೆ ಎಲ್ಲರೂ ಚಿಲಿಪಿಲಿ ಎನ್ನುತ್ತಾರೆ. ಪ್ರತಿ ಶನಿವಾರ ಚೀಲ ಕಟ್ಟಿಕೊಂಡು ‘ಇವತ್ತು ಅಮ್ಮ ಬರ್ತಾಳೆ, ಬರ್ತೀನಿ ಅಂದಿದಾಳೆ’ ಎಂದು ಮಕ್ಕಳಿಗೆಲ್ಲ ಸಾರುತ್ತಾಳೆ. ತಾಯಿ ಬರುವವಳಲ್ಲ, ಬರುತ್ತೇನೆಂದು ಹೇಳಿಯೂ ಇಲ್ಲ. ಸುಳ್ಳು ಸುಳ್ಳೇ ಅಲ್ಲವೇ? ಅವಳಿಗಾಗಿ ಪ್ರಾರ್ಥಿಸಿರಿ.

ನಿಮ್ಮ ಮಗ,
ಯಾಕಪ್ಪ


ಫೆಬ್ರವರಿ 13

ಯಾಕಪ್ಪ,

ಪತ್ರ ಕೈಗೆ ಬಂದ ಕೂಡಲೇ ಬರೆಯುತ್ತಿದ್ದೇನೆ. ಮೊದಲು ಆ ಬೀಗ ತೆಗೆ. ಉಳಿದದ್ದನ್ನು ಆಮೇಲೆ ಓದು.

ಕಾರ್ಡಿನ ವಿಷಯ ನನಗೆ ಗೊತ್ತೇ ಇರಲಿಲ್ಲ. ನಿನ್ನ ಪತ್ರದಲ್ಲಿ ಓದಿದ್ದೇ ಮೊದಲು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ ಒಬ್ಬ. ನಾನು ಕುಂಬಳಕಾಯಿ ಎಂದೂ ಅಂದಿರಲಿಲ್ಲ, ಕಳ್ಳ ಎಂದೂ ಅಂದಿರಲಿಲ್ಲ. ನೀನಾಗಿಯೇ ಹೆಗಲು ಮುಟ್ಟಿಕೊಂಡೆ. ಮುಟ್ಟಿಕೊಂಡದ್ದು ಸಾಲದು ಎಂದು ಈಗ ಮೂವತ್ತು ಮಕ್ಕಳ ಹೆಗಲು ಹಿಡಿದು ನೋಡುತ್ತಿದ್ದೀಯ.

ನಾನು ನಿನಗೆ ಶಿಕ್ಷೆ ಕೊಟ್ಟಿರಲಿಲ್ಲ. ನನ್ನ ತರಗತಿಯಲ್ಲಿ ಯಾವ ಮಗುವನ್ನಾದರೂ ಕೂಡಿಹಾಕಿದ್ದು ನಿನಗೆ ನೆನಪಿದೆಯೇ? ಒಂದಾದರೂ? ಆ ದಿನ ಬೀಗ ಹಾಕಿದ್ದಕ್ಕೆ ಬೇರೆ ಕಾರಣ ಇತ್ತು. ಅದನ್ನು ಹೇಳುವುದಿಲ್ಲ ಎಂದು ಒಬ್ಬರಿಗೆ ಮಾತು ಕೊಟ್ಟಿದ್ದೇನೆ. ಕಾರಣ ಬಿಡು, ಶಿಕ್ಷೆಯಲ್ಲ ಎಂಬ ಮಾತನ್ನಾದರೂ ನಂಬು.

ಹಳದಿ ಬಟ್ಟೆ ತೊಳೆದು ಒಣಗಿಸಿಟ್ಟಿದ್ದೆ. ಮಡಿಸಿ ಒಳಗಿಟ್ಟೆ. ಆ ಚಿಲಿಪಿಲಿಯನ್ನು ಹೊರಗೆ ಬಿಡು, ಶನಿವಾರಕ್ಕೊಂದು ಸುಳ್ಳು ಹೇಳಿಕೊಳ್ಳಲಿ. ಅದಕ್ಕೆ ಅಷ್ಟೂ ಇಲ್ಲದಿದ್ದರೆ ಇನ್ನೇನಿದೆ?

ಟೀಚರಮ್ಮ


ಮಾರ್ಚ್ 3

ಪ್ರಿಯ ಟೀಚರಮ್ಮನವರಿಗೆ,

ನಿಮ್ಮ ಪತ್ರವನ್ನು ನಮ್ಮ ಹಿರಿಯರ ಕೂಟದಲ್ಲಿ ಓದಿ ಹೇಳಿದೆ. ಎಲ್ಲರೂ ನಿಮ್ಮ ದೀನತೆಗೆ ತಲೆದೂಗಿದರು. ಬಲಗೈ ಮಾಡಿದ್ದು ಎಡಗೈಗೆ ತಿಳಿಯಬಾರದು ಎಂದು ಕರ್ತನೇ ಹೇಳಿದ್ದಾನಲ್ಲ. ಒಬ್ಬರಂತೂ, “ನೋಡಿ, ಇಷ್ಟು ವರ್ಷ ಆದ್ಮೇಲೂ ಕಳ್ಳತನ ನೋಡಿಲ್ಲ ಅಂತ ನಿಮ್ಮ ಮರ್ಯಾದೆ ಕಾಯ್ತಿದಾರೆ” ಎಂದೇಬಿಟ್ಟರು. ನಿಮ್ಮ ಶಿಷ್ಯನ ತಪ್ಪನ್ನು ಇಂದಿಗೂ ಮುಚ್ಚಿಡುವ ನಿಮ್ಮ ಪ್ರೀತಿ ದೊಡ್ಡದು.

ಕೋಣೆಯ ಬಗ್ಗೆ ಚಿಂತೆ ಬೇಡ. ಒಳ್ಳೆಯ ಫಲ ಬಂದಿದೆ. ಆ ಹುಡುಗಿ ಪೂರ್ತಿ ಬದಲಾಗಿದ್ದಾಳೆ. ಈಗ ಚೀಲ ಕಟ್ಟುವುದಿಲ್ಲ. ಅಮ್ಮನ ಮಾತೂ ಇಲ್ಲ. ಅಮ್ಮನ ಮಾತೇನು, ಯಾವ ಮಾತೂ ಇಲ್ಲ. ಕೇಳಿದರೆ ತಲೆಯಾಡಿಸುತ್ತಾಳೆ, ಅಷ್ಟೇ. ನಮ್ಮ ವಾರ್ಡನಮ್ಮನಿಗೆ ಸ್ವಲ್ಪ ಹೆದರಿಕೆ, ಡಾಕ್ಟರಿಗೆ ತೋರಿಸೋಣ ಎನ್ನುತ್ತಾಳೆ. ಮೌನದಲ್ಲಿ ದೇವರು ಕೆಲಸ ಮಾಡುವುದನ್ನು ಎಲ್ಲರೂ ತಾಳಲಾರರು. ವಾರಕ್ಕೊಮ್ಮೆ ಅವಳನ್ನು ಇನ್ನೂ ಕೋಣೆಗೆ ಕಳಿಸುತ್ತಿದ್ದೇವೆ, ಬೇರೂರಲಿ ಎಂದು.

ಬೇರೆ ಕಾರಣ ಇತ್ತು ಎಂದಿದ್ದೀರಿ. ಏನೇ ಇರಲಿ, ಅದನ್ನು ಬಳಸಿಕೊಂಡವನು ದೇವರು. ಅಪ್ಪ ಬದುಕಿದ್ದಿದ್ದರೆ ನನ್ನನ್ನು ಅವನೇ ತಿದ್ದುತ್ತಿದ್ದ. ಅವನ ಬದಲಿಗೆ ನೀವು ನಿಂತಿರಿ. ಹಾಗೆಂದೇ ಪ್ರಸಂಗದಲ್ಲಿ ಬರೆದುಕೊಂಡಿದ್ದೇನೆ.

ಬಸ್ಸಿನ ಚೀಟಿ ಕಳಿಸಿಕೊಡಲೇ?

ನಿಮ್ಮ ಮಗ,
ಯಾಕಪ್ಪ


ಮಾರ್ಚ್ 8

ಯಾಕಪ್ಪ,

ನಿಮ್ಮಮ್ಮನಿಗೆ ಕೊಟ್ಟ ಮಾತನ್ನು ಇವತ್ತು ಮುರಿಯುತ್ತಿದ್ದೇನೆ. ಸಾಯುವಾಗಲೂ ನನ್ನ ಕೈ ಹಿಡಿದು ಅದನ್ನೇ ಕೇಳಿಕೊಂಡಳು. ಅವಳು ಮೇಲಿಂದ ನನ್ನನ್ನು ಶಪಿಸಿದರೆ ಶಪಿಸಲಿ, ಏಳು ವರ್ಷದ ಮಗು ಮೂಕಿಯಾಗುವುದನ್ನು ನೋಡಿಕೊಂಡು ನಾನು ಬಾಯಿ ಮುಚ್ಚಿಕೊಂಡಿರಲಾರೆ.

ನಿಮ್ಮಪ್ಪ ಸುರಂಗದಲ್ಲಿ ಸಾಯಲಿಲ್ಲ. ಅವನು ಸುರಂಗ ಕಂಡವನೂ ಅಲ್ಲ. ನಿನಗೆ ಐದು ವರ್ಷವಿದ್ದಾಗ ನಿನ್ನ ಎಡಗೈ ತಿರುಚಿ ಮೊಣಕೈ ಮುರಿದ. ಮೆಟ್ಟಿಲಿಂದ ಬಿದ್ದೆ ಎಂದು ನಿನಗೆ ಹೇಳಿ ಹೇಳಿ ನಂಬಿಸಿದವರು ನಾವು. ಆಸ್ಪತ್ರೆಯಲ್ಲಿ ಆ ಕೈಗೆ ಜೋಳಿಗೆ ಹೊಲಿದುಕೊಟ್ಟವಳು ನಾನೇ. ಮಾರನೆಯ ದಿನ ಅವನು ಇನ್ನೊಬ್ಬಳ ಜೊತೆ ಹೋದ. ಹುಡುಗನಿಗೆ ಅಪ್ಪ ಎಂಬ ಒಂದು ಒಳ್ಳೆಯ ಮಾತಾದರೂ ಉಳಿಯಲಿ ಎಂದು ನಿಮ್ಮಮ್ಮ ಅವನನ್ನು ಸುರಂಗಕ್ಕೆ ಕಳಿಸಿ ಮಣ್ಣು ಮಾಡಿದಳು.

ಆ ಭಾನುವಾರ ನಾನು ಸೀಮೆಸುಣ್ಣದ ತುಂಡುಗಳನ್ನು ಡಬ್ಬಿಗೆ ಹಾಕುತ್ತಿದ್ದೆ. ನಿಮ್ಮಮ್ಮ ಹಿಂದಿನ ಬಾಗಿಲಿಂದ ಓಡಿಬಂದಳು. ಒಗೆಯುತ್ತಿದ್ದವಳು ಹಾಗೇ ಬಂದಿದ್ದಳು, ಮೊಣಕೈವರೆಗೂ ಸೋಪಿನ ನೊರೆ. “ಬಂದಿದಾನೆ ಟೀಚರಮ್ಮ. ಹುಡುಗನ್ನ ಕರ್ಕೊಂಡು ಹೋಗ್ತಾನಂತೆ. ಲಾರಿ ಕೆಲಸಕ್ಕೆ ಹಾಕ್ತಾನಂತೆ. ಎಲ್ಲಾದರೂ ಬಚ್ಚಿಡಿ” ಎಂದಳು. ನೀನು ಕಿರುಚಿದರೆ ಅವನಿಗೆ ಗೊತ್ತಾಗುತ್ತದೆ. ಕಾರಣ ಹೇಳಿದರೆ ಸತ್ತ ಅಪ್ಪ ಬದುಕಿದ್ದಾನೆಂದು ನಿನಗೆ ಗೊತ್ತಾಗುತ್ತದೆ. ನನಗೆ ಹೊಳೆದದ್ದು ಅಂಗಿ ಕೋಣೆ ಒಂದೇ. ಬೀಗ ಹಾಕಿ ಕೀಲಿಯನ್ನು ಹಾರ್ಮೋನಿಯಂ ಒಳಗೆ ಹಾಕಿದೆ.

ಅವನು ಬಂದ. ಕುಡಿದಿರಲಿಲ್ಲ. ಕುಡಿದಿದ್ದರೆ ಮನಸ್ಸಿಗೆ ಒಂದು ಸಮಾಧಾನವಾದರೂ ಇರುತ್ತಿತ್ತು. “ಹುಡುಗ ಎಲ್ಲಿ?” ಎಂದು ಕೇಳಿದ. ಬಲಿಪೀಠದ ಮುಂದೆ ನಿಂತು, ಕಣ್ಣು ಮಿಟುಕಿಸದೆ, “ಅವನು ಇವತ್ತು ಬಂದೇ ಇಲ್ಲ, ನೆಂಟರ ಮನೆಗೆ ಹೋಗಿದಾನೆ” ಎಂದು ಸುಳ್ಳು ಹೇಳಿದೆ. ಅವನು ನಂಬಲಿಲ್ಲ. ಹೊಡೆದ. ಬಿದ್ದ ರಭಸಕ್ಕೆ ಬೆಂಚಿನ ಅಂಚು ತಾಗಿ ತುಟಿ ಸೀಳಿತು. ನೀನು ಕಂಡ ಊದಿದ ಮುಖ ಅದೇ ಕಣೋ. ನಿನ್ನ ಪಾಪಕ್ಕೆ ಯಾರೂ ಅತ್ತಿರಲಿಲ್ಲ. ಅಳಲು ಪುರುಸೊತ್ತು ಎಲ್ಲಿತ್ತು?

ಆಮೇಲೆ ಅವನು ಹೋಗಿ ದೇವಾಲಯದ ಮೆಟ್ಟಿಲ ಮೇಲೆ ಕೂತ. ಬೀಡಿ ಸೇದುತ್ತ ಕೂತೇ ಇದ್ದ. ನಿನ್ನನ್ನು ಅಷ್ಟು ಹೊತ್ತು ಒಳಗಿಟ್ಟದ್ದು ನಿನ್ನ ಪಾಪ ಕರಗಲಿ ಎಂದಲ್ಲ. ಅವನು ಮೆಟ್ಟಿಲ ಮೇಲಿಂದ ಏಳಲಿಲ್ಲ, ಅಷ್ಟೇ. ಅವನು ಎದ್ದು ಹೋದ ಮೇಲೆ ನಿನ್ನನ್ನು ತೆಗೆದೆ. ನೀನು ನನ್ನ ಮುಖ ನೋಡಿ “ಇನ್ನು ಮಾಡಲ್ಲ ಟೀಚರಮ್ಮ” ಎಂದೆ. ಹೆದರಿದ ಮಗು ಏನೋ ಹೇಳುತ್ತಿದೆ ಎಂದುಕೊಂಡು ನಿನಗೆ ನೀರು ಕುಡಿಸಿದೆ.

ನೀನು ಹೈಸ್ಕೂಲಿನಲ್ಲಿದ್ದಾಗ ಅವನು ನಮ್ಮ ಆಸ್ಪತ್ರೆಯಲ್ಲೇ ಸತ್ತ. ಅವನ ಹಾಸಿಗೆಯ ಬಟ್ಟೆಗಳನ್ನು ಒಗೆದವಳು ನಿಮ್ಮಮ್ಮ. ಅವನ ಹೆಸರಿನ ಕೆಳಗೆ ಕೂತು ಈಗ ಮೂವತ್ತು ಮಕ್ಕಳು ಊಟ ಮಾಡುತ್ತಾರೆ. ಬೀಗದ ಕೋಣೆಗೆ ನನ್ನ ಹೆಸರು! ಇದಕ್ಕೆ ನಗಬೇಕೋ ಅಳಬೇಕೋ ತಿಳಿಯುತ್ತಿಲ್ಲ.

ನಾವೆಗೆ ಯಾಕೆ ಒಂದೇ ಬಾಗಿಲು ಎಂದು ಕೇಳಿದ ಹುಡುಗ, ನನ್ನನ್ನು ಯಾಕೆ ಕೂಡಿಹಾಕಿದಿರಿ ಎಂದು ಒಂದು ಸಲವೂ ಕೇಳಲಿಲ್ಲವಲ್ಲ. ಅದಕ್ಕೇ ನನಗೆ ಹೊಟ್ಟೆ ಉರಿಯುತ್ತಿದೆ.

ಸುಳ್ಳು ಹೇಳಿದವರಿಗೆ ಆ ಕೋಣೆ ಎಂದರೆ ಮೊದಲು ನನ್ನನ್ನು ಕೂಡಿಹಾಕು. ನಾನು ಹೇಳಿದ ಸುಳ್ಳಿನ ಮುಂದೆ ಆ ಮಗುವಿನದು ಏನೂ ಅಲ್ಲ. ಬಾಗಿಲ ಮೇಲಿಂದ ನನ್ನ ಹೆಸರು ತೆಗೆ. ಕೋಣೆಯನ್ನು ಒಡೆದು ಹಾಕು.

ಟೀಚರಮ್ಮ


ಏಪ್ರಿಲ್ 20

ಮಾನ್ಯರೇ,

ತಾವು ಮಾರ್ಚ್ 8ರಂದು ಬರೆದ ಪತ್ರ ತಲುಪಿದೆ. ಉತ್ತರ ತಡವಾದದ್ದಕ್ಕೆ ವಿಷಾದಿಸುತ್ತೇವೆ.

ತಮ್ಮ ಕೋರಿಕೆಯಂತೆ ಕೋಣೆಯ ಬಾಗಿಲ ಮೇಲಿದ್ದ ತಮ್ಮ ಹೆಸರನ್ನು ತೆಗೆಸಲಾಗಿದೆ. ಕೋಣೆಯ ಉಪಯೋಗದ ಬಗ್ಗೆ ಇಲ್ಲಿನ ಹಿರಿಯರ ಕೂಟವೇ ತೀರ್ಮಾನಿಸುತ್ತದೆ.

ವಯಸ್ಸಿನ ಜೊತೆ ನೆನಪುಗಳು ಒಂದರೊಳಗೊಂದು ಕಲೆಯುವುದು ಸಹಜ. ತಮ್ಮ ತಂಗಿಯ ಮಗಳು ಒಮ್ಮೆ ತಮ್ಮನ್ನು ಡಾಕ್ಟರಿಗೆ ತೋರಿಸುವುದು ಒಳ್ಳೆಯದು. ಈ ಸಾಕ್ಷಿಯನ್ನು ಕೇಳಿ ಎಷ್ಟೋ ಜನ ರಕ್ಷಣೆ ಹೊಂದಿದ್ದಾರೆ. ಅದನ್ನು ಯಾರೂ ಅಲ್ಲಗಳೆಯಲಾರರು. ಬಿಸಿಲು ಹೆಚ್ಚಾಗಿರುವುದರಿಂದ ಕೃತಜ್ಞತಾ ಆರಾಧನೆಗಾಗಿ ಇಷ್ಟು ದೂರದ ಪ್ರಯಾಣ ತಮ್ಮ ಆರೋಗ್ಯಕ್ಕೆ ತಕ್ಕದ್ದಲ್ಲ ಎಂದು ಭಾವಿಸುತ್ತೇವೆ. ತಮ್ಮ ಕುರ್ಚಿಯನ್ನು ಖಾಲಿ ಇಟ್ಟು ಗೌರವಿಸುತ್ತೇವೆ.

ಇಂತಿ,
ನಿರ್ದೇಶಕರು, ಮಕ್ಕಳ ಮನೆ

ಹಾಗಾದರೆ ಆ ಕತ್ತಲಲ್ಲಿ ನನ್ನ ಪಕ್ಕ ಬಂದು ಕೂತವರು ಯಾರು?


ಏಪ್ರಿಲ್ 26

ನಿರ್ದೇಶಕರಿಗೆ ಉತ್ತರ ಬರೆಯಲು ನನಗೆ ಬರುವುದಿಲ್ಲ. ಟೈಪು ಮಾಡಿದ್ದರ ಕೆಳಗೆ ಪೆನ್ನಿನಲ್ಲಿ ಒಂದು ಸಾಲು ಗೀಚಿದವನಿಗೆ ಬರೆಯುತ್ತಿದ್ದೇನೆ.

ಯಾರು ಬಂದರೋ ನನಗೆ ಗೊತ್ತಿಲ್ಲ ಕಣೋ. ನಾನು ಹೊರಗಿದ್ದೆ. ನೀನು ನಂಬಿದವನೇ ಬಂದಿರಬಹುದು. ಬಂದಿದ್ದರೆ ಒಂದು ಮಾತು ತಿಳಿದುಕೋ. ನಾನು ಬೀಗ ಹಾಕಿದೆನೆಂದು ಅವನು ಬರಲಿಲ್ಲ. ಬೀಗ ಹಾಕಿದ್ದರೂ ಬಂದ. ನೀನು ಅವನನ್ನು ಬಿಟ್ಟು ಬೀಗಕ್ಕೆ ಸ್ತೋತ್ರ ಮಾಡುತ್ತಿದ್ದೀಯ.

ಹೆಸರು ತೆಗೆಸಿದೆ, ಕೋಣೆ ಉಳಿಸಿದೆ. ಮೀಸೆ ಬೋಳಿಸಿ ಮುಖ ತೊಳೆದೆ ಎಂದ ಹಾಗಾಯಿತು. ನನ್ನ ಮರ್ಯಾದೆ ಉಳಿಯಿತು, ಆ ಮಗುವಿಗೇನು ಉಳಿಯಿತು?

ತಂಗಿಯ ಮಗಳು ನಿನ್ನ ಪತ್ರ ಓದಿ, “ಬಾ ದೊಡ್ಡಮ್ಮಾ, ಡಾಕ್ಟರ್ ಹತ್ರ ಹೋಗೋಣ, ನಿನ್ನ ನೆನಪು ಇಷ್ಟು ಗಟ್ಟಿಯಾಗಿ ಇರೋದು ಯಾಕೆ ಅಂತ ಕೇಳೋಣ” ಎಂದಳು. ಇಬ್ಬರೂ ನಕ್ಕೆವು. ಆಮೇಲೆ ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಅತ್ತೆ. ನಿನಗಾಗಿ ನಾನು ಅತ್ತದ್ದು ಇದೇ ಮೊದಲು. ಬೇಕಾದರೆ ಪ್ರಸಂಗದಲ್ಲಿ ಹೇಳು.

ಮೇ ಎರಡನೆಯ ಭಾನುವಾರ ಬರುತ್ತೇನೆ. ಕುರ್ಚಿ ಖಾಲಿಯೇ ಇರಲಿ.

ಟೀಚರಮ್ಮ


ಜೂನ್ 15

ಟೀಚರಮ್ಮ,

ಈ ಪತ್ರವನ್ನು ಎಷ್ಟು ಸಲ ಬರೆದು ಹರಿದೆನೋ. ಇದನ್ನಾದರೂ ಅಂಚೆಗೆ ಹಾಕಿಬಿಡುತ್ತೇನೆ.

ಆರಾಧನೆಯ ದಿನ ನೀವು ಬಂದದ್ದು ನನಗೆ ಗೊತ್ತಾಗಲಿಲ್ಲ. ಹಾಡು ನಡೆಯುತ್ತಿದ್ದಾಗ ಹಿಂದಿನ ಗೇಟಿನಿಂದ ಬಂದು, ಅಡುಗೆಮನೆಯ ಹತ್ತಿರ ವಾರ್ಡನಮ್ಮನನ್ನು ಹಿಡಿದು, “ಬೀಗದ ಕೋಣೆಗೆ ನನ್ನ ಬಿಟ್ಟು ಹೊರಗಿಂದ ಬೀಗ ಹಾಕಮ್ಮ, ನಿಮ್ಮ ಅಯ್ಯನವರ ಅಪ್ಪಣೆ ಆಗಿದೆ” ಎಂದಿರಂತೆ. ನಿಮಗೆ ಸುಳ್ಳು ಎಷ್ಟು ಸಲೀಸಾಗಿ ಬರುತ್ತದೆ! ವಾರ್ಡನಮ್ಮ ಬಾಗಿಲು ತೆಗೆದಾಗ ಒಳಗೆ ಆ ಹುಡುಗಿ ಇದ್ದಳು. ಅತಿಥಿಗಳ ಮುಂದೆ ಏನಾದರೂ ಮಾಡಿಯಾಳು ಎಂದು ಬೆಳಿಗ್ಗೆಯೇ ಅಲ್ಲಿ ಬಿಡಲು ಹೇಳಿದವನು ನಾನೇ. ಅವಳು ಆ ದಿನ ಯಾವ ತಪ್ಪನ್ನೂ ಮಾಡಿರಲಿಲ್ಲ.

ನಾನು ಖಾಲಿ ಕುರ್ಚಿಯ ಕಡೆ ಕೈ ತೋರಿಸಿ ಸಾಕ್ಷಿ ಹೇಳಿದೆ. ಬೇರೆ ಏನೂ ಬಾಯಿಗೆ ಬರಲಿಲ್ಲ. ಕಾರ್ಡು, ಕತ್ತಲೆ, ನಿಮ್ಮ ಊದಿದ ಮುಖ, ಎಲ್ಲವನ್ನೂ ಹೇಳಿದೆ. ಸುಳ್ಳೆಂದು ಗೊತ್ತಿದ್ದೂ ಹೇಳಿದೆ. ಜನ ಅತ್ತರು. ಆಮೇಲೆ ಊಟಕ್ಕೆ ಹೋಗುವಾಗ ವಾರ್ಡನಮ್ಮ ಬಂದು ಕೀಲಿಯನ್ನು ನನ್ನ ಕೈಗೆ ಕೊಟ್ಟು, “ನೀವೇ ತೆಗೀರಿ ಅಯ್ಯನವರೇ, ನನ್ನ ಕೈಯಲ್ಲಿ ಇನ್ನು ಆಗಲ್ಲ” ಎಂದಳು.

ಬಾಗಿಲು ತೆಗೆದೆ. ನೀವು ನೆಲದ ಮೇಲೆ ಗೋಡೆಗೊರಗಿ ಕೂತಿದ್ದಿರಿ. ಹುಡುಗಿ ನಿಮ್ಮ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು. ಬೆಳಕು ಬಿದ್ದು ಎದ್ದು ಕೂತಳು. ನಿಮ್ಮನ್ನು ನೋಡಿದಳು, ನನ್ನ ಕೈಯ ಕೀಲಿಯನ್ನು ನೋಡಿದಳು. ಮೂರು ತಿಂಗಳಿಂದ ಒಂದು ಮಾತಾಡದವಳು ನನ್ನನ್ನು ಕೇಳಿದಳು:

“ಅಜ್ಜಿ ಏನು ತಪ್ಪು ಮಾಡಿದ್ರು?”

ನೀವು ಗೋಡೆ ಹಿಡಿದುಕೊಂಡು ಎದ್ದು, ಚೀಲ ತೆಗೆದುಕೊಂಡು, “ನಿನ್ನ ಪ್ರಸಂಗ ಇಲ್ಲಿಗೂ ಚೆನ್ನಾಗಿ ಕೇಳಿಸ್ತು ಕಣಪ್ಪ” ಎಂದಿರಿ. ಯಾಕಪ್ಪ ಎನ್ನಲಿಲ್ಲ. ಬಸ್ಸಿನ ತನಕ ಬಿಡುತ್ತೇನೆ ಎಂದರೆ ಬೇಡವೆಂದು ನಡೆದುಬಿಟ್ಟಿರಿ.

ಮೊಣಕೈಯನ್ನು ಡಾಕ್ಟರಿಗೆ ತೋರಿಸಿದೆ. ಬಿದ್ದರೆ ಹೀಗೆ ಮುರಿಯುವುದಿಲ್ಲವಂತೆ. ಊಟದ ಮನೆಯ ಮೇಲಿನ ಹೆಸರು ತೆಗೆಯಲು ಏಣಿ ಹತ್ತಿದೆ. ಆಗಲಿಲ್ಲ, ಇಳಿದು ಬಂದೆ. ಒಂದೇ ಪತ್ರದಲ್ಲಿ ನೀವು ನನ್ನ ಅಪ್ಪನನ್ನು ಕಿತ್ತುಕೊಂಡಿರಿ, ಸಾಕ್ಷಿಯನ್ನು ಕಿತ್ತುಕೊಂಡಿರಿ. ಅಮ್ಮ ಕೊಟ್ಟದ್ದನ್ನು ನೀವು ಯಾಕೆ ಕಾಯಲಿಲ್ಲ ಎಂದು ಸಿಟ್ಟು ಬರುತ್ತದೆ. ಹಾಗೆಯೇ, ಇನ್ನೂ ಮೊದಲೇ ಯಾಕೆ ಹೇಳಲಿಲ್ಲ ಎಂದೂ ಸಿಟ್ಟು ಬರುತ್ತದೆ. ಎರಡೂ ಸೇರಿ ಎಲ್ಲಿಗೆ ಕೊಂಡೊಯ್ಯುತ್ತವೆಯೋ ಗೊತ್ತಿಲ್ಲ. ಪ್ರಸಂಗ ಮಾಡುವುದನ್ನು ಬಿಟ್ಟಿದ್ದೇನೆ. ಪ್ರಾರ್ಥನೆಗೆ ಕೂತರೆ ಪಕ್ಕದಲ್ಲಿ ಯಾರೂ ಬರುವುದಿಲ್ಲ.

ನಿಮಗೆ ಕೃತಜ್ಞ ಎಂದು ಇನ್ನು ಬರೆಯಲಾರೆ. ಆ ಮಾತನ್ನು ನಾನು ಬಹಳ ಕಡೆ ಹೇಳಿ ಹಾಳು ಮಾಡಿದ್ದೇನೆ. ಕ್ಷಮಿಸಿ ಎಂದೂ ಬರೆಯುವುದಿಲ್ಲ, ಅದನ್ನು ಮೊದಲು ಹೇಳಬೇಕಾದದ್ದು ಏಳು ವರ್ಷದವಳಿಗೆ. ಹೇಳಿದೆ. ಅವಳು ಕೇಳಿಸಿಕೊಂಡು ಎದ್ದು ಹೋದಳು.

ಕೋಣೆಯ ಬಾಗಿಲನ್ನೇ ತೆಗೆಸಿದ್ದೇನೆ. ಗೇಟಿನ ಕಡೆಯ ಗೋಡೆ ಒಡೆಸಿ ಕಿಟಕಿ ಇಡಿಸಿದ್ದೇನೆ. ಶನಿವಾರ ಆ ಹುಡುಗಿ ಮತ್ತೆ ಚೀಲ ಕಟ್ಟಿಕೊಂಡು ಬಂದು ಅಲ್ಲಿ ನಿಂತಿದ್ದಳು. ನಾನು ಟೇಪು ತಂದು ಕಿಟಕಿಗೆ ಹಿಡಿದೆ.

ಅಳತೆ ಕೇಳಿದ್ದಿರಿ. ಅಗಲ ಮೂರಡಿ, ಎತ್ತರ ನಾಲ್ಕಡಿ.